ಜನವರಿಯಿಂದ ಜುಲೈವರೆಗೆ ಕೊಳ್ಳಕ್ಕಿಳಿಯಲು ಪರವಾನಗಿ ಏಕೆ? ದುರಾತೋನ್ ನದಿ ಮತ್ತು ಅದರ ರಣಹದ್ದುಗಳು

ಮ್ಯಾಡ್ರಿಡ್ ನೋಡಲು ಹೋದವರು ಒಂದು ದಿನ ಬಿಡುವು ಮಾಡಿಕೊಂಡು ಸೆಗೋವಿಯಾಕ್ಕೆ ಹೋಗಿ, ರೋಮನ್ನರು ಕಟ್ಟಿದ ಮೇಲ್ಗಾಲುವೆಯ ಕೆಳಗೆ ಫೋಟೊ ತೆಗೆಸಿಕೊಂಡು ಬರುವುದು ಹಳೆಯ ರೂಢಿ. ಅದೇ ಪ್ರಾಂತ್ಯದ ಈಶಾನ್ಯ ಮೂಲೆಯಲ್ಲಿ ಇನ್ನೊಂದು ಜಾಗವಿದೆ: ನದಿಯೊಂದು ಸುಣ್ಣಕಲ್ಲನ್ನು ನೂರು ಮೀಟರಿಗೂ ಹೆಚ್ಚು ಆಳಕ್ಕೆ ಕೊರೆದು ಹರಿಯುವ ಕೊಳ್ಳ, ಅದರ ಗೋಡೆಗಳಲ್ಲಿ ನೂರಾರು ಜೋಡಿ ರಣಹದ್ದು. ಅಲ್ಲಿಗೆ ಹೊರಡಬೇಕೆಂದು ಮಾಹಿತಿ ಹುಡುಕಿದವರಿಗೆ ಒಂದು ನಿಯಮ ಎದುರಾಗುತ್ತದೆ. ಜನವರಿ 1ರಿಂದ ಜುಲೈ 31ರವರೆಗೆ ಕೊಳ್ಳದ ತಳದ ಉದ್ದದ ಕಾಲುದಾರಿಯಲ್ಲಿ ನಡೆಯಲು ಪರವಾನಗಿ ಬೇಕು. ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಬೇಡ.

ಇದು ವಿಚಿತ್ರವಾಗಿ ಕಾಣುತ್ತದೆ. ಪ್ರವಾಸಿಗರ ನೂಕುನುಗ್ಗಲು ತಡೆಯುವುದೇ ಉದ್ದೇಶವಾಗಿದ್ದರೆ ಸ್ಪೇನಿನವರೆಲ್ಲ ರಜೆ ಹಾಕುವ ಆಗಸ್ಟ್‌ನಲ್ಲಿ ನಿರ್ಬಂಧ ಇರಬೇಕಿತ್ತು. ನದಿಯ ಪ್ರವಾಹದ ಭಯವೆಂದರೆ ಮೈ ಕೊರೆಯುವ ಜನವರಿಯಿಂದ ಬಿಸಿಲು ಸುಡುವ ಜುಲೈವರೆಗೆ ಒಂದೇ ನಿಯಮ ಹೊಂದುವುದಿಲ್ಲ. ಈ ಏಳು ತಿಂಗಳ ಲೆಕ್ಕ ಒಂದು ಮೊಟ್ಟೆಯದು. ಆ ಲೆಕ್ಕ ಬಿಡಿಸಲು ಮೊದಲು ಕೊಳ್ಳ ಹೇಗಾಯಿತು, ಹಕ್ಕಿಗೆ ಅದರಿಂದ ಏನು ಉಪಯೋಗ ಎಂಬುದನ್ನು ನೋಡಬೇಕು.

## ಹೆಸರಿನಲ್ಲೇ ಇರುವ ಗಂಟಲು

ಮ್ಯಾಡ್ರಿಡ್‌ನಿಂದ ಉತ್ತರಕ್ಕೆ ಹೆದ್ದಾರಿ ಹಿಡಿದು ಸೊಮೊಸಿಯೆರಾ ಬೆಟ್ಟಸಾಲು ದಾಟಿದರೆ ಕ್ಯಾಸ್ಟೈಲ್ ಪ್ರಸ್ಥಭೂಮಿ ಸಿಗುತ್ತದೆ. ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದ, ಬಹುತೇಕ ಬಯಲಾದ ನೆಲ. ಧಾನ್ಯದ ಹೊಲ, ಕುರಿಮಂದೆ, ಅಲ್ಲಲ್ಲಿ ಗಿಡ್ಡಗಿಡ್ಡ ಜೂನಿಪರ್ ಮರ. ಇಂಥ ಬಯಲಿನಲ್ಲಿ ಕೊಳ್ಳವಿದೆ ಎಂದರೆ ನಂಬುವುದು ಕಷ್ಟ, ಏಕೆಂದರೆ ದೂರದಿಂದ ಅದರ ಸುಳಿವೇ ಸಿಗುವುದಿಲ್ಲ. ಅಂಚಿಗೆ ಹತ್ತಿರವಾದಾಗ ಕಾಲ ಮುಂದಿನ ನೆಲ ಏಕಾಏಕಿ ಮುಗಿದುಹೋಗುತ್ತದೆ. ಕೆಳಗೆ ಹಸಿರು ನೀರು, ಅದಕ್ಕೂ ನಮಗೂ ನಡುವೆ ಹಾರುತ್ತಿರುವ ಹಕ್ಕಿಗಳ ಬೆನ್ನು. ಹಾರುವ ಹಕ್ಕಿಯನ್ನು ಮೇಲಿನಿಂದ ನೋಡುವ ಅವಕಾಶ ಬಯಲುಸೀಮೆಯ ಜನರಿಗೆ ದೊರೆಯುವುದು ಅಪರೂಪ.

ಈ ಕೊಳ್ಳವನ್ನು ಒಳಗೊಂಡ ಉದ್ಯಾನದ ಸ್ಪ್ಯಾನಿಷ್ ಹೆಸರು ಓಸೆಸ್ ದೆಲ್ ರಿಯೊ ದುರಾತೋನ್, ಅಂದರೆ ದುರಾತೋನ್ ನದಿಯ ಕೊಳ್ಳಗಳು. ಏಕವಚನ ಓಸ್. ಸ್ಪ್ಯಾನಿಷ್‌ನಲ್ಲಿ ಕುಡುಗೋಲಿಗೂ ಓಸ್ ಎಂದೇ ಹೆಸರು. ನದಿ ಕುಡುಗೋಲಿನಂತೆ ಬಾಗಿ ಬಾಗಿ ಹರಿಯುವುದನ್ನು ನೋಡಿದರೆ ಹೆಸರು ಅಲ್ಲಿಂದಲೇ ಬಂತು ಎಂದು ಯಾರಿಗಾದರೂ ಅನಿಸುತ್ತದೆ. ನಿಜವಾಗಿ ಇವು ಬೇರೆ ಬೇರೆ ಲ್ಯಾಟಿನ್ ಮೂಲದಿಂದ ಬಂದು ಉಚ್ಚಾರಣೆಯಲ್ಲಿ ಒಂದಾದ ಎರಡು ಪದಗಳು. ಕೊಳ್ಳದ ಓಸ್‌ನ ಮೂಲ ಅರ್ಥ ಗಂಟಲು. ಅಂಚಿನಲ್ಲಿ ನಿಂತು ಬಗ್ಗಿ ನೋಡಿದವರಿಗೆ ಆ ಅರ್ಥವೇ ಹೆಚ್ಚು ಒಪ್ಪುತ್ತದೆ.

ಸೊಮೊಸಿಯೆರಾದಲ್ಲಿ ಹುಟ್ಟುವ ದುರಾತೋನ್ ದೊಡ್ಡ ನದಿಯೇನಲ್ಲ; ಮುಂದೆ ಪೆನ್ಯಾಫಿಯೆಲ್ ಊರಿನ ಬಳಿ ದುಯೆರೊ ನದಿಯನ್ನು ಸೇರುತ್ತದೆ. ಅದು ಸೆಪುಲ್ವೆದಾ ಎಂಬ ಹಳೆಯ ಊರಿನಿಂದ ಬುರ್ಗೋಮಿಯೊದೊ ಅಣೆಕಟ್ಟಿನವರೆಗೆ ಹರಿಯುವ ಇಪ್ಪತ್ತೈದು ಕಿ.ಮೀ.ಗೂ ಮೀರಿದ ಹಾದಿಯೇ ಈ ಕೊಳ್ಳ. ಅದನ್ನೂ ಸುತ್ತಲಿನ ನೆಲವನ್ನೂ ಸೇರಿಸಿ ಸುಮಾರು 5,000 ಹೆಕ್ಟೇರನ್ನು 1989ರಲ್ಲಿ ನಿಸರ್ಗ ಉದ್ಯಾನವೆಂದು ಘೋಷಿಸಲಾಯಿತು.

ನಿಸರ್ಗ ಉದ್ಯಾನ ಎಂಬುದನ್ನು ರಾಷ್ಟ್ರೀಯ ಉದ್ಯಾನದ ಜೊತೆ ಗೊಂದಲ ಮಾಡಿಕೊಳ್ಳಬಾರದು. ಸ್ಪೇನಿನಲ್ಲಿ ರಾಷ್ಟ್ರೀಯ ಉದ್ಯಾನದ ಕಾನೂನು ಹೆಚ್ಚು ಬಿಗಿ. ನಿಸರ್ಗ ಉದ್ಯಾನವನ್ನು ಆಯಾ ಪ್ರದೇಶದ ಸರ್ಕಾರ ನೋಡಿಕೊಳ್ಳುತ್ತದೆ. ಇಲ್ಲಿ ಅದು ಕಾಸ್ತಿಯಾ ಇ ಲಿಯೋನ್ ಸರ್ಕಾರ. ಅದರೊಳಗೆ ಊರು, ಹೊಲ, ಕುರಿ ಸಾಕಣೆ ಎಲ್ಲವೂ ಮುಂದುವರಿಯುತ್ತವೆ. ಕುರಿಗಳ ವಿಷಯವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

## ನದಿ ಕೊರೆದ ಕಲ್ಲು

ಕೊಳ್ಳದ ಗೋಡೆಯ ಕಲ್ಲು ಹುಟ್ಟಿದ್ದು ಕ್ರಿಟೇಷಿಯಸ್ ಯುಗದಲ್ಲಿ, ಅಂದರೆ ಡೈನೋಸಾರ್‌ಗಳ ಕೊನೆಯ ಯುಗದಲ್ಲಿ. ಆಗ ಇಲ್ಲಿ ಆಳವಿಲ್ಲದ ಸಮುದ್ರವಿತ್ತು. ಚಿಪ್ಪು, ಸುಣ್ಣದ ಕೆಸರು ಪದರಪದರವಾಗಿ ತಳಕ್ಕೆ ಕೂತು ಗಟ್ಟಿಯಾಗಿ ಸುಣ್ಣಕಲ್ಲಾಯಿತು. ಬಹುಕಾಲದ ನಂತರ ನೆಲ ಮೇಲೆದ್ದಿತು. ಬಯಲಿನಲ್ಲಿ ಅಂಕುಡೊಂಕಾಗಿ ಹರಿಯುವ ನದಿ, ನೆಲ ಏಳುತ್ತಿದ್ದಂತೆ ತನ್ನ ಅಂಕುಡೊಂಕನ್ನು ಬಿಡದೆ ಅದೇ ಗೆರೆಯ ಮೇಲೆ ಕೆಳಕ್ಕೆ ಕೊರೆಯುತ್ತ ಹೋಯಿತು. ಹಗ್ಗವನ್ನು ಸಾಬೂನಿನ ಗಟ್ಟಿಯ ಮೇಲೆ ವಕ್ರವಾಗಿಟ್ಟು ಒತ್ತಿದಂತೆ: ಹಗ್ಗದ ಆಕಾರ ಹಾಗೆಯೇ ಇರುತ್ತದೆ, ಗುರುತು ಮಾತ್ರ ಆಳವಾಗುತ್ತದೆ.

ಸುಣ್ಣಕಲ್ಲಿನ ಗುಣವೆಂದರೆ ಅದು ಸವೆಯುವುದಷ್ಟೇ ಅಲ್ಲ, ಕರಗಲೂ ಕರಗುತ್ತದೆ. ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈ ಆಕ್ಸೈಡ್ ಹೀರಿಕೊಂಡ ಮಳೆನೀರು ತುಸು ಹುಳಿಯಾಗಿರುತ್ತದೆ. ಆ ನೀರು ಬಿರುಕುಗಳಲ್ಲಿ ಇಳಿದು ಕಲ್ಲನ್ನು ನಿಧಾನವಾಗಿ ತಿನ್ನುತ್ತದೆ. ಮೆದುವಾದ ಪದರ ಬೇಗ ಹಿಂದೆ ಸರಿಯುತ್ತದೆ, ಗಟ್ಟಿ ಪದರ ಮುಂದೆ ಚಾಚಿಕೊಂಡು ಉಳಿಯುತ್ತದೆ. ಹೀಗೆ ಕಡಿದಾದ ಗೋಡೆಯ ಉದ್ದಕ್ಕೂ ಗವಿ, ಗೂಡು, ಚಾಚು, ಮೇಲೊಂದು ಸೂರು ತಾನಾಗಿಯೇ ಏರ್ಪಡುತ್ತವೆ. ಪುಸ್ತಕದ ಕಪಾಟನ್ನು ನಿಲ್ಲಿಸಿದಂತೆ. ಮನುಷ್ಯರೂ ಇದನ್ನು ಬಳಸಿಕೊಂಡರು. ಕೊಳ್ಳದಲ್ಲಿ ಏಳು ಬಲಿಪೀಠಗಳ ಗವಿ ಎಂದು ಕರೆಯುವ, ರೋಮನ್ನರ ನಂತರ ಸ್ಪೇನನ್ನು ಆಳಿದ ವಿಸಿಗೋಥರ ಕಾಲದಲ್ಲಿ ಬಂಡೆಯೊಳಗೆ ಕಡೆದ ಚರ್ಚ್ ಇದೆ. ಆದರೆ ಕಪಾಟಿನ ಕಾಯಂ ಒಕ್ಕಲು ಬೇರೆಯೇ.

## ಬೇಟೆಯಾಡದ ಬೇಟೆಹಕ್ಕಿ

ಬಾಗಿದ ಕೊಕ್ಕು, ಬಲವಾದ ಕಾಲು, ತೀಕ್ಷ್ಣ ಕಣ್ಣಿರುವ ಮಾಂಸಾಹಾರಿ ಹಕ್ಕಿಗಳನ್ನು ಒಟ್ಟಾಗಿ ಬೇಟೆಹಕ್ಕಿಗಳು ಎನ್ನುತ್ತಾರೆ. ಹದ್ದು, ಗಿಡುಗ, ಡೇಗೆ, ಗೂಬೆ ಎಲ್ಲವೂ ಇದರಲ್ಲಿ ಬರುತ್ತವೆ. ರಣಹದ್ದೂ ಇದೇ ಪಟ್ಟಿಯಲ್ಲಿದೆ, ಆದರೆ ಅದು ಬೇಟೆಯಾಡುವುದಿಲ್ಲ; ಸತ್ತದ್ದನ್ನು ತಿನ್ನುತ್ತದೆ. ಅದರ ಉಗುರು ಮೊಂಡು. ಹಿಡಿದು ಕೊಲ್ಲುವ ಕೆಲಸಕ್ಕೆ ಆ ಕಾಲು ಬಾರದು, ಸತ್ತ ಪ್ರಾಣಿಯ ಮೇಲೆ ನಿಂತು ಎಳೆಯಲು ಸಾಕು.

ದುರಾತೋನ್‌ನಲ್ಲಿ ಹೆಚ್ಚಾಗಿ ಕಾಣುವುದು ಗ್ರಿಫನ್ ರಣಹದ್ದು, ಐದುನೂರಕ್ಕೂ ಹೆಚ್ಚು ಜೋಡಿ. ಸ್ಪೇನಿನವರು ಇದನ್ನು ಬುಯಿತ್ರೆ ಲಿಯೊನಾದೊ ಎನ್ನುತ್ತಾರೆ. ಸಿಂಹದ ಬಣ್ಣದ ರಣಹದ್ದು ಎಂದರ್ಥ. ಕಂದು ಮೈ, ಕಪ್ಪು ಗರಿಯಂಚು, ಬೋಳು ತಲೆಗೆ ಬಿಳಿ ನಯಗರಿ, ಕೊರಳಿಗೆ ಉಣ್ಣೆಯ ಪಟ್ಟಿ ಸುತ್ತಿದಂತೆ ಗರಿಗಳ ಕುಚ್ಚು. ತೂಕ 6ರಿಂದ 11 ಕಿಲೋ. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಎರಡೂವರೆ ಮೀಟರಿನ ಆಸುಪಾಸು. ಮನೆಯ ಬಾಗಿಲನ್ನು ಅಡ್ಡ ಮಲಗಿಸಿ ಅದಕ್ಕಿಂತ ತುಸು ಉದ್ದ ಎಂದುಕೊಳ್ಳಿ.

ಎರಡನೆಯದು ಬಿಳಿ ರಣಹದ್ದು, ಅಲ್ಲಿನ ಮಾತಿನಲ್ಲಿ ಅಲಿಮೋಚೆ. ಗ್ರಿಫನ್‌ಗಿಂತ ಬಹಳ ಚಿಕ್ಕದು, ಬಿಳಿ ಮೈ, ಹಳದಿ ಮುಖ, ಬೆಣೆಯಾಕಾರದ ಬಾಲ. ಚಳಿಗಾಲವನ್ನು ಸಹಾರಾದ ದಕ್ಷಿಣಕ್ಕೆ ಕಳೆದು ಮಾರ್ಚ್ ಹೊತ್ತಿಗೆ ಬರುತ್ತದೆ, ಸೆಪ್ಟೆಂಬರ್ ಹೊತ್ತಿಗೆ ಹೊರಡುತ್ತದೆ. ಇದರ ಹಳದಿ ಮುಖದ ಗುಟ್ಟು ಅಷ್ಟು ಶೋಭಾಯಮಾನವಲ್ಲ: ದನ, ಕುರಿಗಳ ಸಗಣಿ, ಹಿಕ್ಕೆ ತಿಂದು ಅದರಲ್ಲಿರುವ ಹಳದಿ ವರ್ಣದ್ರವ್ಯವನ್ನು ಪಡೆಯುತ್ತದೆ. ಸ್ಪೇನಿನ ಹಳ್ಳಿಗರು ಇದನ್ನು ಬಹಳ ಹಿಂದೆಯೇ ಗಮನಿಸಿದ್ದರು. ಸಗಣಿ ತಿನ್ನುವವ ಎಂಬರ್ಥದ ಅಡ್ಡಹೆಸರೂ ಅದಕ್ಕಿದೆ.

ನಿಜವಾದ ಬೇಟೆಗಾರರೂ ಇದ್ದಾರೆ. ಹೊಂಬಣ್ಣದ ನೆತ್ತಿಯ ಗೋಲ್ಡನ್ ಈಗಲ್ ಹದ್ದು ಇದೆ, ಗಂಟೆಗೆ 300 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಎರಗಬಲ್ಲ ಪೆರೆಗ್ರಿನ್ ಡೇಗೆ ಇದೆ, ಕತ್ತಲಾದ ಮೇಲೆ ಕೂಗುವ ದೊಡ್ಡ ಕೊಂಬಿನ ಗೂಬೆ ಇದೆ. ಆದರೆ ಮೊದಲ ಸಲ ಹೋದವರು ಇವನ್ನೆಲ್ಲ ನೋಡಿಯೇ ತೀರುತ್ತೇನೆಂಬ ಹಟ ಹಿಡಿಯದಿರುವುದು ಒಳ್ಳೆಯದು. ರಣಹದ್ದನ್ನು ಕಾಣದೆ ಬರುವವರಿಲ್ಲ. ಉಳಿದದ್ದು ಅದೃಷ್ಟ.

## ಹತ್ತು ಕಿಲೋ ಮೈ ಹೊತ್ತು ಹಾರುವುದು ಹೇಗೆ

ಹಕ್ಕಿ ದೊಡ್ಡದಾದಷ್ಟೂ ರೆಕ್ಕೆ ಬಡಿದು ಹಾರುವುದು ದುಬಾರಿ. ತೂಕ ಬೆಳೆದಷ್ಟು ವೇಗವಾಗಿ ಸ್ನಾಯುವಿನ ಶಕ್ತಿ ಬೆಳೆಯುವುದಿಲ್ಲ. ಗ್ರಿಫನ್ ಬಯಲಿನಿಂದ ಏಳಬೇಕಾದರೆ ಓಡಬೇಕು, ಜೋರಾಗಿ ರೆಕ್ಕೆ ಬಡಿಯಬೇಕು. ಹೊಟ್ಟೆ ತುಂಬಿದ್ದರೆ ಕೆಲವೊಮ್ಮೆ ಏಳಲಾಗದೆ ಅಲ್ಲೇ ಕೂರುತ್ತದೆ. ಕೊಳ್ಳದ ಮೊದಲ ಉಪಯೋಗ ಇದು. ಬಂಡೆಯ ಚಾಚಿನಿಂದ ಹಾರಲು ಏಳಬೇಕಾಗಿಯೇ ಇಲ್ಲ. ರೆಕ್ಕೆ ಬಿಚ್ಚಿ ಮುಂದಕ್ಕೆ ಬಿದ್ದರಾಯಿತು.

ಬಿದ್ದ ಮೇಲೆ ಮೇಲಕ್ಕೇರುವುದು ಹೇಗೆ? ಅದಕ್ಕೆ ಎರಡು ಬಗೆಯ ಗಾಳಿ ಬೇಕು. ಮೊದಲನೆಯದು ಬಿಸಿಗಾಳಿಯ ಕಂಬ. ಬಿಸಿಲಿಗೆ ಕಲ್ಲು ಕಾಯುತ್ತದೆ, ಕಲ್ಲಿಗೆ ತಾಗಿದ ಗಾಳಿಯೂ ಕಾಯುತ್ತದೆ, ಕಾದ ಗಾಳಿ ಹಗುರಾಗಿ ಮೇಲೇರುತ್ತದೆ. ಉರಿಯುವ ದೀಪದ ಮೇಲೆ ಅಂಗೈ ಹಿಡಿದರೆ ತಾಗುವುದು ಇದೇ. ಹಕ್ಕಿ ಆ ಕಂಬದೊಳಗೆ ಸುತ್ತು ಹಾಕುತ್ತದೆ. ಸುತ್ತಮುತ್ತಲ ಗಾಳಿಗೆ ಹೋಲಿಸಿದರೆ ಅದು ಸದಾ ಕೆಳಗಿಳಿಯುತ್ತಲೇ ಇರುತ್ತದೆ. ಆದರೆ ಗಾಳಿ ಅದಕ್ಕಿಂತ ಬೇಗ ಮೇಲೇರುತ್ತಿರುತ್ತದೆ. ಮೇಲೇರುವ ಎಸ್ಕಲೇಟರ್‌ನಲ್ಲಿ ನಿಧಾನವಾಗಿ ಕೆಳಮುಖವಾಗಿ ನಡೆಯುವವನು ಕೊನೆಗೆ ಮೇಲಿನ ಮಹಡಿಗೇ ತಲಪುವಂತೆ. ಎರಡನೆಯದು ಇನ್ನೂ ಸರಳ: ಬಯಲಿನಲ್ಲಿ ಬೀಸಿದ ಗಾಳಿ ಕೊಳ್ಳದ ಗೋಡೆಗೆ ಬಡಿದಾಗ ಬೇರೆ ದಾರಿಯಿಲ್ಲದೆ ಮೇಲಕ್ಕೆ ತಿರುಗುತ್ತದೆ. ಬಿಸಿಲಿಲ್ಲದ ದಿನ ಹಕ್ಕಿಗಳು ಗೋಡೆಯುದ್ದಕ್ಕೂ ತೇಲಾಡುವುದು ಇದರ ಮೇಲೆ.

ಸಾಕಷ್ಟು ಎತ್ತರ ಸಿಕ್ಕ ಮೇಲೆ ಹಕ್ಕಿ ಕಂಬ ಬಿಟ್ಟು ಬಯಲಿನ ಮೇಲೆ ಜಾರುತ್ತದೆ, ಮುಂದಿನ ಕಂಬ ಸಿಕ್ಕಾಗ ಮತ್ತೆ ಏರುತ್ತದೆ. ಹೀಗೆ ರೆಕ್ಕೆ ಬಡಿಯದೆ ದಿನಕ್ಕೆ ಹತ್ತಾರು ಕಿ.ಮೀ. ಸುತ್ತುತ್ತದೆ. ಒಂದೊಂದು ಹಕ್ಕಿಯೂ ಕೆಳಗಿನ ನೆಲವನ್ನು ನೋಡುವುದರ ಜೊತೆಗೆ ಅಕ್ಕಪಕ್ಕದ ಹಕ್ಕಿಗಳನ್ನೂ ನೋಡುತ್ತಿರುತ್ತದೆ. ಎಲ್ಲೋ ಒಂದು ಸರ್ರನೆ ಇಳಿದರೆ ಅದನ್ನು ಕಂಡ ಇನ್ನೊಂದು ಅತ್ತ ತಿರುಗುತ್ತದೆ, ಅದನ್ನು ಕಂಡು ಮತ್ತೊಂದು. ಸತ್ತ ಕುರಿಯೊಂದರ ಮೇಲೆ ಖಾಲಿ ಆಕಾಶದಿಂದ ಮೂವತ್ತು ನಲವತ್ತು ರಣಹದ್ದು ಬಂದಿಳಿಯುವ ಪವಾಡ ನಡೆಯುವುದು ಹೀಗೆ.

ಇದರಿಂದ ಪ್ರವಾಸಿಗನಿಗೊಂದು ಸೂಚನೆ ಸಿಗುತ್ತದೆ. ಕಲ್ಲು ಕಾಯುವವರೆಗೆ ರಣಹದ್ದು ಏಳುವುದಿಲ್ಲ. ನಸುಕಿನಲ್ಲೇ ಹೋಗಿ ನಿಂತರೆ ಗೋಡೆಗೆ ಒರಗಿ ಕೂತ ಕಂದು ಮೂಟೆಗಳಷ್ಟೇ ಕಾಣುತ್ತವೆ. ಹತ್ತು ಗಂಟೆಯ ಸುಮಾರಿಗೆ ಒಂದು ಮೂಟೆ ರೆಕ್ಕೆ ಬಿಚ್ಚುತ್ತದೆ; ಅರ್ಧ ಗಂಟೆಯೊಳಗೆ ಆಕಾಶ ತುಂಬಿರುತ್ತದೆ. ಪಕ್ಷಿವೀಕ್ಷಣೆ ಎಂದರೆ ಬೆಳಗಿನ ಜಾವ ಏಳುವುದು ಎಂದು ಹೆದರಿದವರಿಗೆ ಇದಕ್ಕಿಂತ ಕರುಣಾಳುವಾದ ಹಕ್ಕಿ ಸಿಗಲಾರದು.

## ಒಂದು ಮೊಟ್ಟೆಯ ಲೆಕ್ಕ

ಈಗ ಪರವಾನಗಿಯ ಪ್ರಶ್ನೆಗೆ ಬರೋಣ.

ಗ್ರಿಫನ್ ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಜನವರಿಯಲ್ಲಿ ಜೋಡಿಗಳು ಗೂಡಿಗೆ ಕಡ್ಡಿ, ಹುಲ್ಲು ಹೊರುತ್ತವೆ. ಜನವರಿ ಕೊನೆ, ಫೆಬ್ರವರಿಯ ಹೊತ್ತಿಗೆ ಹೆಚ್ಚಿನ ಮೊಟ್ಟೆಗಳು ಬರುತ್ತವೆ. ಹಿಮ ಬೀಳುವ ಕಾಲವದು. ಗಂಡು ಹೆಣ್ಣು ಸರದಿಯ ಮೇಲೆ ಸುಮಾರು 55 ದಿನ ಕಾವು ಕೊಡುತ್ತವೆ. ಮರಿ ಹೊರಬಂದ ಮೇಲೆ ಅದು ಹಾರಲು ಸುಮಾರು ನಾಲ್ಕು ತಿಂಗಳು ಬೇಕು. ಜನವರಿ ಕೊನೆಗೆ ಇಟ್ಟ ಮೊಟ್ಟೆಗೆ ಈ ದಿನಗಳನ್ನು ಕೂಡಿಸಿ ನೋಡಿ: ಮರಿ ಒಡೆಯುವುದು ಮಾರ್ಚ್ ಕೊನೆಗೆ, ಹಾರುವುದು ಜುಲೈ ಕೊನೆಗೆ. ನಿಯಮದ ಎರಡು ದಿನಾಂಕಗಳು ಗೂಡು ಕಟ್ಟುವ ದಿನದಿಂದ ಮರಿ ಹಾರುವ ದಿನದವರೆಗೆ ಎಳೆದ ಗೆರೆ, ಅಷ್ಟೇ.

ಬೇಟೆಹಕ್ಕಿಗಳಲ್ಲೇ ಇದು ಬಹಳ ಉದ್ದದ ಬಾಣಂತನ. ಅದು ಇಷ್ಟು ಉದ್ದವಿರುವುದರಿಂದಲೇ ಮೊಟ್ಟೆ ಕಳೆದುಕೊಂಡ ಜೋಡಿಗೆ ಸಾಮಾನ್ಯವಾಗಿ ಆ ವರ್ಷ ಎರಡನೆಯ ಅವಕಾಶ ಸಿಗುವುದಿಲ್ಲ. ಕೋಳಿ, ಗುಬ್ಬಿಗಳ ಲೆಕ್ಕ ಇಲ್ಲಿ ನಡೆಯದು. ಜೊತೆಗೆ ರಣಹದ್ದು ಮರಿ ಮಾಡುವ ವಯಸ್ಸಿಗೆ ಬರಲು ನಾಲ್ಕೈದು ವರ್ಷ ಬೇಕು.

ಮನುಷ್ಯ ಕೆಳಗೆ ನಡೆದುಹೋದರೆ ಮೊಟ್ಟೆಗೇನು ತೊಂದರೆ? ಅವನು ಮೊಟ್ಟೆಯನ್ನು ಮುಟ್ಟಬೇಕಾಗಿಲ್ಲ. ಕಾವು ಕೂತ ಹಕ್ಕಿ ಗಾಬರಿಯಾಗಿ ಹಾರಿದರೆ ಸಾಕು. ಫೆಬ್ರವರಿಯ ಚಳಿಗೆ ತೆರೆದ ಮೊಟ್ಟೆ ಬೇಗ ತಣ್ಣಗಾಗುತ್ತದೆ, ಹತ್ತಿರದಲ್ಲೇ ಕಾಯುತ್ತಿರುವ ಕಾಡುಕಾಗೆಗೆ ಅಷ್ಟು ಹೊತ್ತು ಸಾಕು. ಮರಿ ದೊಡ್ಡದಾದ ಮೇಲೆ ಅಪಾಯ ಬೇರೆ ರೂಪದ್ದು: ಬೆದರಿದ ಮರಿ ಹಾರಲು ಬಾರದೆಯೇ ಚಾಚಿನಿಂದ ಜಿಗಿಯಬಹುದು. ಕೊಳ್ಳದಲ್ಲಿ ಸದ್ದಿನ ಗುಣವೂ ಇದಕ್ಕೆ ಸೇರುತ್ತದೆ. ಎರಡು ಕಲ್ಲಿನ ಗೋಡೆಗಳ ನಡುವೆ ಒಬ್ಬ ಕೂಗಿದರೆ ಹತ್ತು ಜನ ಕೂಗಿದಂತೆ. ಮಕ್ಕಳಿಗೆ ಪ್ರತಿಧ್ವನಿ ತೋರಿಸಬೇಕೆಂಬ ಆಸೆ ಯಾರಿಗಿಲ್ಲ, ಆದರೆ ಅದಕ್ಕೆ ಇದು ಜಾಗವಲ್ಲ.

ಹಾಗೆಂದು ಉದ್ಯಾನ ಪೂರ್ತಿ ಮುಚ್ಚುವುದಿಲ್ಲ. ಗೂಡುಗಳು ದಟ್ಟವಾಗಿರುವ ನಡುಭಾಗದ ದಾರಿಗೆ, ಅಂದರೆ ಸೆಪುಲ್ವೆದಾ ಬಳಿಯ ತಾಲ್ಕಾನೊ ಸೇತುವೆಯಿಂದ ವಿಯಾಸೆಕಾ ಸೇತುವೆಯವರೆಗಿನ ಉದ್ದದ ಕಾಲುದಾರಿಗೆ, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಹಾಕಿ ಪರವಾನಗಿ ಕೊಡುತ್ತಾರೆ. ಅಣೆಕಟ್ಟಿನ ಹಿನ್ನೀರಿನಲ್ಲಿ ದೋಣಿ ನಡೆಸುವವರಿಗೂ ಈ ತಿಂಗಳುಗಳಲ್ಲಿ ನಿರ್ಬಂಧವಿದೆ. ಮೇಲಿನ ಸಾನ್ ಫ್ರುತೋಸ್ ಮಠದ ದಾರಿ ಮಾತ್ರ ವರ್ಷವಿಡೀ ತೆರೆದೇ ಇರುತ್ತದೆ. ಒಂದೇ ದಾರಿಯಲ್ಲಿ, ಒಂದೇ ವೇಗದಲ್ಲಿ ಬಂದುಹೋಗುವ ಮನುಷ್ಯರಿಗೆ ಹಕ್ಕಿಗಳು ಒಗ್ಗಿಕೊಳ್ಳುತ್ತವೆ. ಅವಕ್ಕೆ ಆಗದಿರುವುದು ದಾರಿ ಬಿಟ್ಟು ಅನಿರೀಕ್ಷಿತ ಕಡೆಯಿಂದ ಇಣುಕುವ ತಲೆ.

## ಸತ್ತ ಕುರಿ ಯಾರದು?

ಗೂಡು ಮಾತ್ರ ಕಾಯ್ದರೆ ಸಾಲದು, ಹೊಟ್ಟೆಗೂ ಬೇಕಲ್ಲ. ಕೊಳ್ಳದಲ್ಲಿ ರಣಹದ್ದಿಗೆ ಆಹಾರವಿಲ್ಲ. ಅದಿರುವುದು ಸುತ್ತಲಿನ ಬಯಲಿನ ಕುರಿಮಂದೆಗಳಲ್ಲಿ. ಶತಮಾನಗಳಿಂದ ಅಲ್ಲಿನ ಹಳ್ಳಿಗಳಿಗೆ ಮುಲಾದಾರ್ ಎಂಬ ಜಾಗವಿತ್ತು. ಸತ್ತ ಕುರಿ, ಹೇಸರಗತ್ತೆಯನ್ನು ಊರಾಚೆ ಅಲ್ಲಿಗೆ ಎಳೆದು ಹಾಕುತ್ತಿದ್ದರು. ರಣಹದ್ದುಗಳು ಬಂದು ಒಂದೆರಡು ಗಂಟೆಯಲ್ಲಿ ಮೂಳೆ, ಚರ್ಮ ಮಾತ್ರ ಉಳಿಸುತ್ತಿದ್ದವು. ಅವುಗಳ ಹೊಟ್ಟೆಯ ಆಮ್ಲ ಬಹಳ ತೀಕ್ಷ್ಣವಾದದ್ದರಿಂದ ನಮ್ಮನ್ನು ಕೊಲ್ಲುವ ಎಷ್ಟೋ ರೋಗಾಣುಗಳು ಅಲ್ಲಿ ಸಾಯುತ್ತವೆ. ರೈತನಿಗೆ ಹೂಳುವ ಖರ್ಚಿಲ್ಲ, ಊರಿಗೆ ನಾತವಿಲ್ಲ, ಹಕ್ಕಿಗೆ ಊಟ.

ಈ ಒಪ್ಪಂದ ಒಂದಲ್ಲ ಮೂರು ಸಲ ಮುರಿಯಿತು. ಮೊದಲು ವಿಷದಿಂದ. 1953ರಲ್ಲಿ ಸ್ಪೇನ್ ಸರ್ಕಾರ ಹಾನಿಕರ ಪ್ರಾಣಿಗಳ ನಿರ್ಮೂಲನೆಗೆಂದು ಮಂಡಳಿಗಳನ್ನೇ ರಚಿಸಿತು. ತೋಳ, ನರಿ, ಹದ್ದು ಕೊಂದು ತಂದವರಿಗೆ ಬಹುಮಾನ. ವಿಷವಿಟ್ಟ ಮಾಂಸ ತಿಂದು ಸತ್ತವುಗಳಲ್ಲಿ ರಣಹದ್ದೂ ಸೇರಿದವು. ಗಾಳಿ ತಿರುಗಿದ್ದು ಎಪ್ಪತ್ತರ ದಶಕದಲ್ಲಿ. 1973ರ ಆದೇಶ ಬೇಟೆಹಕ್ಕಿಗಳಿಗೆ ಕಾನೂನಿನ ರಕ್ಷಣೆ ಕೊಟ್ಟಿತು. 1975ರಲ್ಲಿ ದುರಾತೋನ್‌ನ ನೆರೆಯ ರಿಯಾಸಾ ನದಿಯ ಕೊಳ್ಳದಲ್ಲಿ, ಮೊಂತೆಹೊ ದೆ ಲಾ ವೇಗಾ ಎಂಬಲ್ಲಿ, ಬೇಟೆಹಕ್ಕಿಗಳಿಗೆಂದೇ ಆಶ್ರಯತಾಣ ಶುರುವಾಯಿತು. ಅದರ ಹಿಂದಿದ್ದವರು ಫೆಲಿಕ್ಸ್ ರೊದ್ರಿಗೆಸ್ ದೆ ಲಾ ಫುಯೆಂತೆ, ಟಿ.ವಿ.ಯಲ್ಲಿ ಮನೆಮನೆಗೂ ಕಾಡುಪ್ರಾಣಿಗಳನ್ನು ತಲಪಿಸಿ ಸ್ಪೇನಿನ ಒಂದು ತಲೆಮಾರಿನ ಮನಸ್ಸು ಬದಲಿಸಿದ ನಿಸರ್ಗತಜ್ಞ. 1979ರ ಮೊದಲ ರಾಷ್ಟ್ರೀಯ ಗಣತಿಯಲ್ಲಿ ಗ್ರಿಫನ್ ಜೋಡಿಗಳು ಮೂರು ಸಾವಿರದ ಸುಮಾರಿನಲ್ಲಿದ್ದವು. 2018ರ ಗಣತಿಯಲ್ಲಿ ಸುಮಾರು 31,000. ಯುರೋಪಿನ ಗ್ರಿಫನ್‌ಗಳಲ್ಲಿ ಬಹುಪಾಲು ಇಂದು ಸ್ಪೇನಿನಲ್ಲೇ ಇವೆ.

ಎರಡನೆಯ ಪೆಟ್ಟು ಬಂದದ್ದು ಆರೋಗ್ಯದ ಹೆಸರಿನಲ್ಲಿ. ಹುಚ್ಚು ಹಸು ರೋಗದ ಭೀತಿಯಿಂದ ಯುರೋಪಿಯನ್ ಒಕ್ಕೂಟ 2002ರಲ್ಲಿ ಹೊಸ ನಿಯಮ ತಂದು, ಸತ್ತ ಜಾನುವಾರನ್ನು ಹೊಲದಲ್ಲಿ ಬಿಡುವಂತಿಲ್ಲ, ಸಾಗಿಸಿ ನಾಶ ಮಾಡಬೇಕು ಎಂದಿತು. ಮುಲಾದಾರ್‌ಗಳು ಮುಚ್ಚಿದವು. ಉಚಿತವಾಗಿ ನಡೆಯುತ್ತಿದ್ದ ಕೆಲಸಕ್ಕೆ ಲಾರಿ, ಡೀಸೆಲ್, ಒಲೆ ಬಂದವು. ಹಕ್ಕಿಗಳು ಹಸಿದವು. 2007ರ ಜೂನ್‌ನಲ್ಲಿ ಗ್ರಿಫನ್‌ಗಳ ದೊಡ್ಡ ಹಿಂಡೊಂದು ಬೆಲ್ಜಿಯಂವರೆಗೂ ಹೋಗಿ ಅಲ್ಲಿನವರನ್ನು ಬೆರಗುಗೊಳಿಸಿತು. ಹಸಿವೇ ಅಟ್ಟಿಕೊಂಡು ಹೋಯಿತು ಎಂದು ಹಲವರು ಹೇಳಿದರು. 2011ರಲ್ಲಿ ಒಕ್ಕೂಟದ ನಿಯಮ ಸಡಿಲವಾಗಿ, ಅದೇ ವರ್ಷ ಸ್ಪೇನ್ ತನ್ನ ಆದೇಶವನ್ನೂ ಹೊರಡಿಸಿ, ಗೊತ್ತುಪಡಿಸಿದ ವಲಯಗಳಲ್ಲಿ ಮೇಯುವ ಮಂದೆಯ ಸತ್ತ ಪ್ರಾಣಿಗಳನ್ನು ಹಕ್ಕಿಗಳಿಗೆ ಬಿಡಲು ಅವಕಾಶ ಕೊಟ್ಟಿತು.

ಮೂರನೆಯದು ಭಾರತದ ಓದುಗರಿಗೆ ಗೊತ್ತಿರುವ ಕಥೆ. ನೋವಿನ ಔಷಧ ಡೈಕ್ಲೊಫೆನಾಕ್ ಕೊಟ್ಟ ದನ ಸತ್ತರೆ, ಅದರ ಮಾಂಸ ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು, ಯೂರಿಕ್ ಆಮ್ಲ ಒಳಾಂಗಗಳ ಮೇಲೆ ಸುಣ್ಣದಂತೆ ಕಟ್ಟಿ, ಕೆಲವೇ ದಿನಗಳಲ್ಲಿ ಸಾಯುತ್ತದೆ. ಭಾರತದ ಮೂರು ಜಾತಿಯ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಹೀಗೆ ಹೋದವು. 2006ರಲ್ಲಿ ಜಾನುವಾರುಗಳಿಗೆ ಆ ಔಷಧ ಕೊಡುವುದನ್ನು ನಿಷೇಧಿಸಲಾಯಿತು. ಅದಾಗಿ ಏಳು ವರ್ಷದ ಮೇಲೆ, 2013ರಲ್ಲಿ, ಸ್ಪೇನ್ ಅದೇ ಔಷಧವನ್ನು ಜಾನುವಾರುಗಳಿಗೆ ಬಳಸಲು ಅನುಮತಿ ಕೊಟ್ಟಿತು. ಅದರಿಂದ ಕಾಡಿನ ರಣಹದ್ದೊಂದು ಸತ್ತದ್ದು ಸ್ಪೇನಿನಲ್ಲಿ ಮೊದಲ ಬಾರಿ ದೃಢಪಟ್ಟದ್ದು 2020ರಲ್ಲಿ ಕ್ಯಾಟಲೋನಿಯಾದಲ್ಲಿ ಸತ್ತು ಸಿಕ್ಕ ಕಪ್ಪು ರಣಹದ್ದಿನ ಮರಿಯಲ್ಲಿ. ಪಕ್ಕದ ಮನೆಗೆ ಬೆಂಕಿ ಬಿದ್ದದ್ದನ್ನು ಕಂಡೂ ಅದೇ ಕಡ್ಡಿಪೆಟ್ಟಿಗೆ ಕೊಂಡುತಂದ ಈ ತೀರ್ಮಾನ ನನಗಂತೂ ಅರ್ಥವಾಗಿಲ್ಲ.

## ಹೋಗುವವರಿಗೆ

ಮೊದಲ ನಿಲ್ದಾಣ ಸೆಪುಲ್ವೆದಾ. ಉದ್ಯಾನದ ಮಾಹಿತಿ ಕೇಂದ್ರ ಅಲ್ಲಿನ ಹಳೆಯ ಸಾಂತಿಯಾಗೊ ಚರ್ಚಿನ ಕಟ್ಟಡದಲ್ಲಿದೆ. ಪರವಾನಗಿ, ನಕ್ಷೆ ಎರಡಕ್ಕೂ ಅದೇ ಜಾಗ. ವಸಂತದ ವಾರಾಂತ್ಯಗಳಿಗೆ ಮುಂಚಿತವಾಗಿಯೇ ಕೇಳಿಕೊಳ್ಳಬೇಕು. ಊರು ಕುರಿಮರಿಯ ಹುರಿದ ಮಾಂಸಕ್ಕೆ ಹೆಸರುವಾಸಿ. ಕೊಳ್ಳದ ಮೇಲಿನ ಹಕ್ಕಿಗೂ ಕೆಳಗಿನ ಹೋಟೆಲಿಗೂ ಆಧಾರ ಒಂದೇ ಮಂದೆ.

ಉದ್ದದ ನಡಿಗೆ ಬೇಡವೆನ್ನುವವರು ನೇರವಾಗಿ ಸಾನ್ ಫ್ರುತೋಸ್‌ಗೆ ಹೋಗಬಹುದು. ವಿಯಾಸೆಕಾ ಹಳ್ಳಿಯಿಂದ ಮಣ್ಣಿನ ರಸ್ತೆ, ಅದು ಮುಗಿದಲ್ಲಿ ವಾಹನ ನಿಲ್ಲಿಸಿ ಸ್ವಲ್ಪ ದೂರದ ಕಾಲುನಡಿಗೆ. ನದಿ ಮೂರು ಕಡೆಯಿಂದ ಸುತ್ತುವರಿದ ಬಂಡೆಯ ಮೂಗಿನ ಮೇಲೆ 1100ರಲ್ಲಿ ಪ್ರತಿಷ್ಠಾಪನೆಯಾದ ರೋಮನೆಸ್ಕ್ ಶೈಲಿಯ ಗುಡಿ ನಿಂತಿದೆ. ಏಳನೆಯ ಶತಮಾನದಲ್ಲಿ ಇಲ್ಲಿ ಏಕಾಂತವಾಸ ಮಾಡಿದರೆಂದು ನಂಬಲಾದ ಫ್ರುತೋಸ್ ಇಂದು ಸೆಗೋವಿಯಾದ ಪೋಷಕ ಸಂತ. ಅವರ ಹಬ್ಬ ಅಕ್ಟೋಬರ್ 25. ಗುಡಿಗೆ ಹೋಗುವ ದಾರಿಯಲ್ಲಿ ಬಂಡೆಯನ್ನು ಆರಪಾರ ಸೀಳಿದ ಬಿರುಕೊಂದಿದೆ. ಬೆನ್ನಟ್ಟಿ ಬಂದ ಶತ್ರುಗಳ ಮುಂದೆ ಸಂತರು ಕೋಲಿನಿಂದ ಗೆರೆ ಎಳೆದಾಗ ನೆಲ ಬಾಯಿಬಿಟ್ಟಿತೆಂದು ಐತಿಹ್ಯ. ಅದರ ಹೆಸರು ಚೂರಿಯ ಗಾಯ.

ಆ ಮೂಗಿನ ಮೇಲೆ ಕಲ್ಲಿನ ಗೋಡೆಗೆ ಒರಗಿ ಕೂತರೆ ಸಾಕು, ನಡೆಯುವ ಕೆಲಸ ಹಕ್ಕಿಗಳದು. ಎದುರಿನ ಗೋಡೆಯಲ್ಲಿ ಸುಣ್ಣ ಚೆಲ್ಲಿ ಇಳಿಬಿಟ್ಟಂತೆ ಬಿಳಿ ಗೆರೆಗಳು ಕಾಣುತ್ತವೆ. ಅವು ಹಿಕ್ಕೆಯ ಗುರುತು. ಗೆರೆ ಶುರುವಾಗುವ ಜಾಗಕ್ಕೆ ದುರ್ಬೀನು ಹಿಡಿದರೆ ಗೂಡು ಅಲ್ಲೇ ಇರುತ್ತದೆ. ಎಂಟು ಪಟ್ಟು ಹಿಗ್ಗಿಸುವ ಸಾಧಾರಣ ದುರ್ಬೀನು ಸಾಕಾಗುತ್ತದೆ. ರಣಹದ್ದೊಂದು ನಿಮ್ಮ ಮಟ್ಟದಲ್ಲೇ ಹತ್ತಿರದಿಂದ ಹಾದುಹೋದರೆ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ: ಬಟ್ಟೆಯನ್ನು ಜೋರಾಗಿ ಎಳೆದಂತೆ ಸುಯ್ಯೆಂಬ ಸದ್ದು. ತುದಿಗರಿಗಳು ಬಿಚ್ಚಿದ ಬೆರಳುಗಳಂತೆ ಒಂದೊಂದೇ ಬೇರೆಯಾಗಿ ಮೇಲಕ್ಕೆ ಬಾಗಿರುತ್ತವೆ. ತಲೆ ಮಾತ್ರ ಅತ್ತಿತ್ತ ತಿರುಗಿ ನಿಮ್ಮನ್ನು ನೋಡುತ್ತದೆ, ಮೈ ಅಲ್ಲಾಡುವುದಿಲ್ಲ. ಇಳಿಯುವಾಗ ಈ ಠೀವಿಯೆಲ್ಲ ಮಾಯ. ಕಾಲು ಜೋತುಬಿಟ್ಟು, ರೆಕ್ಕೆ ಕೊಡೆಯಂತೆ ಉಬ್ಬಿಸಿ, ಚಾಚಿನ ಮೇಲೆ ಎರಡು ಹೆಜ್ಜೆ ಎಡವಿ ನಿಲ್ಲುತ್ತದೆ.

ಡ್ರೋನ್ ಒಯ್ಯಬೇಡಿ, ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ನೆರಳಿಲ್ಲದ ಬಯಲಾದ್ದರಿಂದ ಬೇಸಿಗೆಯಲ್ಲಿ ನೀರು, ಟೋಪಿ ಬೇಕು. ಚಳಿಗಾಲದ ಗಾಳಿ ಸಾವಿರ ಮೀಟರ್ ಎತ್ತರದ್ದು ಎಂಬುದನ್ನು ಮರೆಯಬಾರದು. ಅಂಚಿಗೆ ಎಲ್ಲೆಡೆ ಬೇಲಿಯಿಲ್ಲ.

ಯಾವ ತಿಂಗಳು ಒಳ್ಳೆಯದು ಎಂದು ಕೇಳಿದರೆ, ಬಿಳಿ ರಣಹದ್ದೂ ಬಂದಿರುವ, ಗೂಡುಗಳಲ್ಲಿ ಮರಿಗಳೂ ಇರುವ ಮೇ ತಿಂಗಳು ಎನ್ನುತ್ತೇನೆ. ಜುಲೈ ಕೊನೆಗೆ ಹೋದವರಿಗೆ ಇನ್ನೊಂದು ನೋಟವಿದೆ. ಅಪ್ಪ ಅಮ್ಮನಷ್ಟೇ ದೊಡ್ಡದಾದ ಮರಿ ಚಾಚಿನ ತುದಿಗೆ ಬಂದು ನಿಲ್ಲುತ್ತದೆ, ರೆಕ್ಕೆ ಬಡಿಯುತ್ತದೆ, ಗಾಳಿ ತುಂಬಿ ಕಾಲು ನೆಲದಿಂದ ಗೇಣುದ್ದ ಎದ್ದಾಗ ತಾನೇ ಹೆದರಿ ಹಿಂದಕ್ಕೆ ಕುಪ್ಪಳಿಸುತ್ತದೆ. ಹೀಗೆಯೇ ಎಷ್ಟೋ ದಿನ. ಆಗಸ್ಟ್ 1ರಂದು ಕೆಳಗಿನ ದಾರಿಗೆ ಪರವಾನಗಿ ಬೇಕಿಲ್ಲ. ಆದರೆ ಮಾರ್ಚ್‌ನಲ್ಲಿ ಇಟ್ಟ ತಡವಾದ ಮೊಟ್ಟೆಗಳ ಮರಿಗಳು ಆಗಲೂ ಮೇಲೆ ಕೂತು ಕುಪ್ಪಳಿಸುತ್ತಲೇ ಇರುತ್ತವೆ.